ಮಳೆ ಅಳೆಯುವ 650 ರೂಪಾಯಿಯ ಕೊಳವೆ: ಹಳ್ಳಿ ಕೆಲಸದವಳ ಅಭಿಪ್ರಾಯ

ಮೊದಲೇ ತೀರ್ಪು ಹೇಳಿಬಿಡುತ್ತೇನೆ. ಊರಿನವರೇ ದಿನಾ ಓದಿ ಬರೆದುಕೊಳ್ಳುವುದಾದರೆ ಈ ಮಳೆಮಾಪಕ ತಗೊಳ್ಳಿ, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಮನೆ ಟೆರೇಸ್ ಮೇಲಿಟ್ಟು ಮಕ್ಕಳಿಗೆ ತೋರಿಸುವುದಾದರೂ ತಗೊಳ್ಳಿ. ಯೋಜನೆಯ ದುಡ್ಡಲ್ಲಿ ರಾಶಿ ತಂದು ಹಂಚಿ, ಬ್ಯಾನರ್ ಕಟ್ಟಿ ಫೋಟೊ ತೆಗೆಸಿಕೊಳ್ಳುವುದಕ್ಕಾದರೆ ಮಾತ್ರ ಬೇಡ.

ನಾನು ಪಾವಗಡ ತಾಲೂಕಿನ ಗಡಿ ಹಳ್ಳಿಗಳಲ್ಲಿ ರೈತರ ಗುಂಪುಗಳ ಜೊತೆ ಕೆಲಸ ಮಾಡುತ್ತೇನೆ. ಅರ್ಧ ಊರು ಮನೆಯಲ್ಲಿ ತೆಲುಗು ಮಾತಾಡುತ್ತದೆ, ಸಂಘದ ಪುಸ್ತಕ ಮಾತ್ರ ಕನ್ನಡದಲ್ಲಿ. ಮಳೆ ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು. ಬೆಳೆ ಅಂದರೆ ಕಡಲೆಕಾಯಿ, ಅದರ ನಡುವೆ ತೊಗರಿ, ಅಲಸಂದೆ, ಹರಳು ಅಕ್ಕಡಿ ಸಾಲು. ಇಂಥ ಕಡೆ ಮಳೆ ಎಷ್ಟು ಬಂತು ಅನ್ನುವುದು ಹರಟೆ ಮಾತಲ್ಲ. ಕೂರಿಗೆ ಹೂಡಬೇಕಾ ಬೇಡವಾ ಅನ್ನುವುದು ಅದರ ಮೇಲೆ ನಿಂತಿರುತ್ತದೆ. ಬೀಜದ ಕಡಲೆಕಾಯಿಗೆ ಕೊಟ್ಟ ದುಡ್ಡೂ ಅದರ ಮೇಲೆ ನಿಂತಿರುತ್ತದೆ.

ಸಾಮಾನು ಹೀಗಿದೆ. ಸುಮಾರು ನಾಲ್ಕು ಇಂಚು ಬಾಯಿಯ ಒಂದು ಪಾರದರ್ಶಕ ಪ್ಲಾಸ್ಟಿಕ್ ಡಬ್ಬ. ಅದರೊಳಗೆ ನಿಲ್ಲುವ ಒಂದು ತೆಳ್ಳಗಿನ ಕೊಳವೆ. ಮೇಲೊಂದು ಆಲಿಕೆ. ಗೂಟಕ್ಕೆ ಹೊಡೆಯಲು ಒಂದು ಹಿಡಿಕೆ, ಎರಡು ಸ್ಕ್ರೂ. ನಾನು ಆನ್‌ಲೈನಲ್ಲಿ 650 ರೂಪಾಯಿಗೆ ತರಿಸಿದೆ. ತುಮಕೂರಿನ ಒಂದು ಲ್ಯಾಬ್ ಸಾಮಾನಿನ ಅಂಗಡಿಯಲ್ಲೂ ಸಿಕ್ಕಿತು, ಅಲ್ಲಿ ಸ್ವಲ್ಪ ಜಾಸ್ತಿ. ಕಂಪನಿ ಹೆಸರು ಹೇಳುತ್ತಿಲ್ಲ. ಹೇಳಿದರೂ ಉಪಯೋಗವಿಲ್ಲ, ಮೂರ್ನಾಲ್ಕು ಹೆಸರಲ್ಲಿ ಒಂದೇ ಅಚ್ಚಿನ ಮಾಲು ಬರುತ್ತಿದೆ.

ಒಳಗಿನ ಕೊಳವೆಯಲ್ಲೇ ಇದರ ಜಾಣತನ ಇರುವುದು. ಆಲಿಕೆಯ ಬಾಯಿಯ ವಿಸ್ತೀರ್ಣಕ್ಕೆ ಹೋಲಿಸಿದರೆ ಕೊಳವೆಯ ಬಾಯಿಯ ವಿಸ್ತೀರ್ಣ ಹತ್ತರಲ್ಲಿ ಒಂದು ಪಾಲು. ಹಾಗಾಗಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಕೊಳವೆಯಲ್ಲಿ ನೀರು ಒಂದು ಸೆಂಟಿಮೀಟರ್ ನಿಲ್ಲುತ್ತದೆ. ಕಣ್ಣು ಮಂದವಾದವರೂ ಓದಬಹುದು. 25 ಮಿಲಿಮೀಟರ್ ಆದ ಮೇಲೆ ಕೊಳವೆ ತುಂಬಿ, ಉಳಿದ ನೀರು ಹೊರಗಿನ ಡಬ್ಬಕ್ಕೆ ಇಳಿಯುತ್ತದೆ. ಬೆಳಗ್ಗೆ ಕೊಳವೆ ಖಾಲಿ ಮಾಡಿ, ಡಬ್ಬದ ನೀರನ್ನು ಅದಕ್ಕೇ ಸುರಿದು ಮತ್ತೆ ಓದಿ, ಎರಡನ್ನೂ ಕೂಡಬೇಕು.

ಈ ಹತ್ತರ ಲೆಕ್ಕದ ಮೇಲೇ ಮೊದಲ ಜಗಳ ಶುರುವಾಯಿತು. ಗುಂಪಿನ ತಾತ ಒಬ್ಬರು ಮೊಮ್ಮಗನ ಸ್ಕೂಲ್ ಸ್ಕೇಲ್ ತಂದು ಕೊಳವೆಗೆ ಹಿಡಿದರು. "ಇದು ಸುಳ್ಳು ಅಳತೆ ಕಣಮ್ಮ. ಒಂದು ಅಂತ ಬರೆದವ್ರೆ, ಹತ್ತು ಐತೆ. ನಮ್ ತೂಕದವ್ರು ಕಡಿಮೆ ತೋರಿಸ್ತಾರೆ, ಇವ್ರು ಜಾಸ್ತಿ ತೋರಿಸ್ತಾರೆ" ಅಂದರು. ಮಂಡಿಯಲ್ಲಿ ತಕ್ಕಡಿ ನೋಡಿ ನೋಡಿ ಸಾಕಾದವರ ಅನುಮಾನ ಅದು. ನಾನು ಉತ್ತರ ಹೇಳಲು ಹೋಗಲಿಲ್ಲ. ಹೇಗೆ ಪರೀಕ್ಷೆ ಮಾಡೋಣ ಹೇಳಿ ತಾತ ಅಂದೆ. ಸಂಘದ ಒಬ್ಬ ಅಕ್ಕ ಮನೆಗೆ ಹೋಗಿ, ನೇರ ಗೋಡೆಯ ಒಂದು ಸ್ಟೀಲ್ ಡಬ್ಬ ತಂದರು. ಮಳೆ ಬಂದ ರಾತ್ರಿ ಎರಡೂ ಪಕ್ಕಪಕ್ಕ ಇದ್ದವು. ಬೆಳಗ್ಗೆ ಡಬ್ಬದಲ್ಲಿ ಸ್ಕೇಲ್ ಅದ್ದಿದರೆ ಹದಿನೆಂಟರ ಹತ್ತಿರ, ಕೊಳವೆಯಲ್ಲೂ ಹದಿನೆಂಟರ ಗೀಟು. ತಾತ ಎರಡು ಸಲ ಸ್ಕೇಲ್ ಅದ್ದಿ ನೋಡಿದರು. ಆಮೇಲೆ ಬೇರೆ ಊರಿನವರಿಗೆ ಈ ಹತ್ತರ ಲೆಕ್ಕ ವಿವರಿಸುವ ಕೆಲಸ ಅವರದೇ ಆಯಿತು. ನನಗಿಂತ ಚೆನ್ನಾಗಿ ವಿವರಿಸುತ್ತಾರೆ, ಸ್ವಲ್ಪ ಉದ್ದ ಅಷ್ಟೆ.

ಹಾಗಾದರೆ ಸ್ಟೀಲ್ ಡಬ್ಬವೇ ಸಾಕಲ್ವಾ, 650 ಯಾಕೆ ದಂಡ? ನ್ಯಾಯವಾದ ಪ್ರಶ್ನೆ. ದೊಡ್ಡ ಮಳೆಗೆ ಡಬ್ಬ ಸಾಕು. ಎರಡು ಮೂರು ಮಿಲಿಮೀಟರ್ ತುಂತುರು ಬಂದಾಗ ಡಬ್ಬದ ತಳ ಒದ್ದೆಯಾಗಿರುತ್ತದೆ, ಅಷ್ಟೆ. ಅಳೆಯಲು ಏನೂ ಇರುವುದಿಲ್ಲ. ಬಿಸಿಲು ಬಂದರೆ ಅದೂ ಆರಿ ಹೋಗುತ್ತದೆ. ಕೊಳವೆಗೆ ಆಲಿಕೆ ಮುಚ್ಚಿರುವುದರಿಂದ ನೀರು ಬೇಗ ಆರುವುದಿಲ್ಲ. ಹವಾಮಾನ ಇಲಾಖೆ 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಬಿದ್ದ ದಿನವನ್ನು ಮಾತ್ರ ಮಳೆಯ ದಿನ ಅಂತ ಲೆಕ್ಕ ಹಿಡಿಯುತ್ತದೆ. ಆ ಗೆರೆ ದಾಟಿತೋ ಇಲ್ಲವೋ ಡಬ್ಬದಲ್ಲಿ ಗೊತ್ತಾಗುವುದು ಕಷ್ಟ.

ನಿಖರತೆ ನೋಡಲು ನಾನೂ ಒಂದು ಪರೀಕ್ಷೆ ಮಾಡಿದೆ, ತಗೊಳ್ಳುವವರು ನೀವೂ ಮಾಡಿ. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಹತ್ತು ಸೆಂಟಿಮೀಟರ್ ಬಾಯಿಯ ಮಾಪಕಕ್ಕೆ ಲೆಕ್ಕ ಹಾಕಿದರೆ ಸುಮಾರು 8 ಮಿಲಿಲೀಟರ್ ಬರುತ್ತದೆ. ಮೆಡಿಕಲ್ ಸ್ಟೋರಿನ ಸಿರಿಂಜಿನಲ್ಲಿ 80 ಮಿಲಿಲೀಟರ್ ನೀರು ಹಾಕಿ. ಹತ್ತರ ಗೀಟಿನ ಹತ್ತಿರ ನಿಂತರೆ ಮಾಲು ಸರಿಯಾಗಿದೆ. ಒಂಬತ್ತಕ್ಕಿಂತ ಕೆಳಗೋ ಹನ್ನೊಂದಕ್ಕಿಂತ ಮೇಲೋ ನಿಂತರೆ ವಾಪಸ್ ಕಳಿಸಿ. ನನ್ನದು ಹತ್ತಕ್ಕಿಂತ ಕೂದಲೆಳೆ ಮೇಲೆ ನಿಂತಿತು. ನಮ್ಮ ಕೆಲಸಕ್ಕೆ ಧಾರಾಳ ಸಾಕು.

ಈಗ ದೂರುಗಳು. ಮೊದಲನೆಯದು, ಗೀಟು. ಪಾವಗಡದ ಬಿಸಿಲು ಸುಮ್ನೆ ಬಿಡುತ್ತದಾ? ಒಂದು ಬೇಸಿಗೆಗೇ ಅಂಕಿಗಳು ಮಾಸಿದವು. ಅಂಟಿಸಿದ ಸ್ಟಿಕರ್ ಮೇಲೆ ಅಂಕಿ ಇರುವ ಮಾಲು ಕೊಳ್ಳಲೇಬೇಡಿ. ಕೊಳವೆಯ ಮೈಯಲ್ಲೇ ಉಬ್ಬಿದ ಗೀಟು ಇರುವುದನ್ನು ಕೇಳಿ ತಗೊಳ್ಳಿ. ನಮ್ಮ ಕೊಳವೆಗೆ ಹೈಸ್ಕೂಲ್ ಹುಡುಗಿಯೊಬ್ಬಳು ಉಗುರುಬಣ್ಣದಲ್ಲಿ ಐದೈದಕ್ಕೊಂದು ಗೀಟು ಎಳೆದಿದ್ದಾಳೆ. ಕಂಪನಿಯ ಅಚ್ಚಿಗಿಂತ ಗಟ್ಟಿಯಾಗಿ ನಿಂತಿದೆ. ಎರಡನೆಯದು, ಹಿಡಿಕೆ. ಪ್ಲಾಸ್ಟಿಕ್ ಹಿಡಿಕೆ ಆಷಾಢದ ಗಾಳಿಗೆ ತಡೆಯುವುದಿಲ್ಲ. ನಾವು ಪೈಪಿಗೆ ಹಾಕುವ ಕಬ್ಬಿಣದ ಕ್ಲ್ಯಾಂಪ್ ಹಾಕಿ ಕಲ್ಲುಕಂಬಕ್ಕೆ ಕಟ್ಟಿದೆವು. ಮೂರನೆಯದು, ಕಣಜದ ಹುಳ. ಮಳೆ ಇಲ್ಲದ ತಿಂಗಳಲ್ಲಿ ಆಲಿಕೆಯ ತೂತಿನಲ್ಲಿ ಮಣ್ಣಿನ ಗೂಡು ಕಟ್ಟುತ್ತದೆ. ಮೊದಲ ಮಳೆಗೆ ಮುಂಚೆ ನೋಡದಿದ್ದರೆ ಆ ಮಳೆ ಲೆಕ್ಕಕ್ಕೆ ಸಿಗುವುದಿಲ್ಲ. ಇನ್ನು ಜೊತೆಗೆ ಬಂದ ಕಾಗದ ಪೂರ್ತಿ ಇಂಗ್ಲಿಷಿನಲ್ಲಿ, ಅದರಲ್ಲೂ ಅರ್ಧದಷ್ಟು ಇಂಚಿನ ಲೆಕ್ಕ. ರೈತರಿಗೆ ಮಾರುವ ಸಾಮಾನಿಗೆ ನಾಲ್ಕು ಸಾಲು ಕನ್ನಡ ಹಾಕಲು ಏನು ಕಷ್ಟ ಇವರಿಗೆ?

ಎಲ್ಲಿಡುವುದು ಅನ್ನುವುದಕ್ಕೆ ಒಂದು ಇಡೀ ಸಂಜೆ ಹೋಯಿತು. ನಿಯಮ ಸರಳ: ಪಕ್ಕದ ಮರ ಅಥವಾ ಮನೆ ಎಷ್ಟು ಎತ್ತರ ಇದೆಯೋ ಅದರ ಎರಡರಷ್ಟಾದರೂ ದೂರ ಇರಬೇಕು. ಇಲ್ಲವಾದರೆ ಮರವೇ ಮಳೆ ತಡೆಯುತ್ತದೆ, ಇಲ್ಲವೇ ಎಲೆಯ ನೀರು ತೊಟ್ಟಿಕ್ಕಿ ಜಾಸ್ತಿ ತೋರಿಸುತ್ತದೆ. ಊರಿನವರ ನಿಯಮ ಬೇರೆ ಇತ್ತು. ಹುಡುಗರ ಕೈಗೆ ಸಿಗಬಾರದು, ಮೇಕೆ ಉಜ್ಜಬಾರದು, ಯಾರೋ ಒಬ್ಬರ ಹೊಲದಲ್ಲಿ ಇಟ್ಟರೆ ಅದು ಅವರದೇ ಆಗಿಬಿಡುತ್ತದೆ. ದೇವಸ್ಥಾನದ ಕಾಂಪೌಂಡ್ ಅಂದರು ಕೆಲವರು. ಆ ಕಾಂಪೌಂಡಿಗೆ ಎಲ್ಲರೂ ಹೋಗುವುದಿಲ್ಲ ಅಂತ ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಕ್ಕ ಮೆಲ್ಲಗೆ ಹೇಳಿದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಹಾಲಿನ ಡೇರಿಯ ಹಿಂದಿನ ಬಯಲಿಗೆ ಒಪ್ಪಿಗೆಯಾಯಿತು. ಅಲ್ಲಿಗೆ ಎಲ್ಲ ಕೇರಿಯವರೂ ಕ್ಯಾನ್ ಹಿಡಿದು ಬೆಳಗ್ಗೆ ಬಂದೇ ಬರುತ್ತಾರೆ.

ಈ ಸಾಮಾನಿನ ಬಗ್ಗೆ ಬೇರೆ ಯಾವ ವಿಮರ್ಶೆಯಲ್ಲೂ ಇದು ನಿಮಗೆ ಸಿಗುವುದಿಲ್ಲ ಅಂತಲೇ ಇಷ್ಟು ಬರೆದೆ. ಮಳೆಮಾಪಕ ಚೆನ್ನಾಗಿ ಓಡುತ್ತದಾ ಅನ್ನುವುದು ಪ್ಲಾಸ್ಟಿಕ್ಕಿನ ಮೇಲೆ ನಿಂತಿಲ್ಲ. ಅದನ್ನು ಯಾರು ಓದುತ್ತಾರೆ ಅನ್ನುವುದರ ಮೇಲೆ ನಿಂತಿದೆ.

ಹವಾಮಾನ ಇಲಾಖೆಯವರು ಬೆಳಗ್ಗೆ ಎಂಟೂವರೆಗೆ ಓದುತ್ತಾರೆ. ನಮ್ಮಲ್ಲಿ ಎಂಟೂವರೆಗೆ ಡೇರಿ ಬಾಗಿಲು ಹಾಕಿರುತ್ತದೆ, ಜನ ಹೊಲದಲ್ಲಿರುತ್ತಾರೆ. ಗುಂಪು ಏಳು ಗಂಟೆ ಅಂತ ಇಟ್ಟುಕೊಂಡಿತು. ದಿನಾ ಅದೇ ಹೊತ್ತಿಗೆ ಓದಿದರೆ ನಮ್ಮ ಲೆಕ್ಕಕ್ಕೆ ತೊಂದರೆಯಿಲ್ಲ. ಸರ್ಕಾರಿ ಅಂಕಿಯ ಜೊತೆ ಹೋಲಿಸುವಾಗ ಮಾತ್ರ ನೆನಪಿಟ್ಟುಕೊಳ್ಳಬೇಕು. ಓದುವ ಸರದಿ ವಾರಕ್ಕೊಬ್ಬರದು. ಡೇರಿ ಗೋಡೆಯ ಕರಿಹಲಗೆಯಲ್ಲಿ ಬರೆಯುತ್ತಾರೆ. ಅಕ್ಷರ ಬಾರದವರು ಹತ್ತಕ್ಕೊಂದು ದೊಡ್ಡ ಗೀಟು, ಒಂದಕ್ಕೊಂದು ಸಣ್ಣ ಗೀಟು ಎಳೆಯುತ್ತಾರೆ. ಅದನ್ನು ನೋಡಿ ಸೆಕ್ರೆಟರಿ ಪುಸ್ತಕಕ್ಕೆ ಇಳಿಸುತ್ತಾರೆ.

ಆ ಪುಸ್ತಕದ ಕಥೆ ಕೇಳಿ. ನಾನು ತಂದುಕೊಟ್ಟಿದ್ದು ಜನವರಿ, ಫೆಬ್ರವರಿ ಅಂತ ಗೀಟು ಹಾಕಿದ ಪುಸ್ತಕ. ಅದನ್ನು ಗುಂಪು ಎರಡೇ ವಾರದಲ್ಲಿ ಮೂಲೆಗೆ ತಳ್ಳಿತು. ಹೊಸ ಪುಸ್ತಕದಲ್ಲಿ ಒಂದೊಂದು ಮಳೆಗೆ ಒಂದೊಂದು ಪುಟ. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಖೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ. ಒಂದೊಂದೂ ಹದಿಮೂರು ಹದಿನಾಲ್ಕು ದಿನ. ಜೂನ್ 22ರ ಆಸುಪಾಸು ಆರಿದ್ರಾ ಹುಟ್ಟುತ್ತದೆ, ಆಗಸ್ಟ್ ಮಧ್ಯಕ್ಕೆ ಮಖೆ ಬರುತ್ತದೆ. ಕಡಲೆಕಾಯಿ ಬಿತ್ತನೆಯ ಲೆಕ್ಕವೆಲ್ಲ ಅದರ ನಡುವೆ. ಜುಲೈನಲ್ಲಿ ಎಷ್ಟು ಮಳೆ ಅಂದರೆ ಯಾರ ನೆನಪಿಗೂ ಬರುವುದಿಲ್ಲ. ಹೋದ ವರ್ಷ ಪುಷ್ಯ ಹೇಗಿತ್ತು ಅಂದರೆ ಮೂರು ಜನ ಒಟ್ಟಿಗೆ ಬಾಯಿ ತೆರೆಯುತ್ತಾರೆ. ಪುಸ್ತಕವೂ ಅದೇ ಭಾಷೆಯಲ್ಲಿ ಇದ್ದರೆ ತಾನೇ ತೆರೆದು ನೋಡುವುದು?

ಇನ್ನೊಂದು ಕಾಲಮ್ಮು ಗುಂಪೇ ಸೇರಿಸಿದ್ದು, ಹದದ ಕಾಲಮ್. ರೈತರಿಗೆ ಮಿಲಿಮೀಟರ್ ಬೇಕಾಗಿಲ್ಲ, ಹದ ಬೇಕು. ಉಕ್ಕೆ ಹೊಡೆಯುವ ಹದ ಬೇರೆ, ಬಿತ್ತುವ ಹದ ಬೇರೆ. ಅದನ್ನು ಅವರು ಮಣ್ಣು ಕೆದಕಿ, ಹಿಡಿಯಲ್ಲಿ ಉಂಡೆ ಕಟ್ಟಿ ನೋಡಿ ಹೇಳುತ್ತಾರೆ. ಹಾಗಾಗಿ ಮಳೆ ಬಂದ ಬೆಳಗ್ಗೆ ಡೇರಿಗೆ ಬರುವ ಮೊದಲು ಅವರವರ ಹೊಲದಲ್ಲಿ ಗುದ್ದಲಿಯಿಂದ ಕೆದಕಿ, ನೀರು ಎಷ್ಟು ಕೆಳಗೆ ಇಳಿದಿದೆ ಅಂತ ಕೈಯಲ್ಲಿ ಅಳೆದು ಬರುವುದು ರೂಢಿಯಾಯಿತು. ನಾಲ್ಕು ಬೆರಳು, ಅರ್ಧ ಗೇಣು, ಒಂದು ಗೇಣು. ಕೊಳವೆಯ ಅಂಕಿ ಒಂದು ಕಡೆ, ಗೇಣಿನ ಲೆಕ್ಕ ಒಂದು ಕಡೆ.

ಎರಡು ಮುಂಗಾರು ಕಳೆಯುವಷ್ಟರಲ್ಲಿ ಮಾತು ಬದಲಾಗಿತ್ತು. ಒಣಗಿದ ಕೆಂಪು ಮಣ್ಣಲ್ಲಿ ಒಂದು ಗೇಣು ನೆನೆಯಲು 25ರ ಹತ್ತಿರ ಬೇಕು ಅಂತ ಅವರೇ ಹೇಳತೊಡಗಿದರು. ಅದೇ 25 ಎರೆ ಮಣ್ಣಿನ ತುಂಡಿನಲ್ಲಿ ಅರ್ಧ ಗೇಣು ದಾಟುವುದಿಲ್ಲ. ದಿಣ್ಣೆಯ ಹೊಲದಲ್ಲಿ ಒಂದೇ ಏಟಿಗೆ ಬಿದ್ದರೆ ಇನ್ನೂ ಕಡಿಮೆ, ನೀರು ಹರಿದು ಹೋಗುತ್ತದೆ. ಬದು ಹಾಕಿದ ಹೊಲಕ್ಕೂ ಹಾಕದ ಹೊಲಕ್ಕೂ ನಾಲ್ಕು ಬೆರಳು ವ್ಯತ್ಯಾಸ ಬಂದ ದಿನ, ಬದುವಿನ ಬಗ್ಗೆ ನಾನು ಮಾಡಬೇಕಿದ್ದ ಭಾಷಣ ಉಳಿಯಿತು. ಮುಂದಿನ ವಾರ ಇಬ್ಬರು ನನ್ನನ್ನು ಕೇಳದೆಯೇ ನರೇಗಾದಲ್ಲಿ ಬದು ಹಾಕಿಸಲು ಪಂಚಾಯಿತಿಗೆ ಅರ್ಜಿ ಕೊಟ್ಟು ಬಂದಿದ್ದರು.

ಮಿಲಿಮೀಟರನ್ನು ಜನರ ಲೆಕ್ಕಕ್ಕೆ ತರಲು ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಟ್ಯಾಂಕರ್. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ಬಿದ್ದರೆ ನಾಲ್ಕು ಸಾವಿರ ಲೀಟರಿಗೆ ಸ್ವಲ್ಪ ಜಾಸ್ತಿ, ಅಂದರೆ ಒಂದು ಸಣ್ಣ ಟ್ಯಾಂಕರ್ ನೀರು. ಬೇಸಿಗೆಯಲ್ಲಿ ಟ್ಯಾಂಕರಿಗೆ ದುಡ್ಡು ಕೊಟ್ಟವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಕೆಲಸದ ವಿಷಯ ಬಂತು, ಅದನ್ನೂ ಹೇಳುತ್ತೇನೆ. ಇಂಥ ಕೆಲಸಕ್ಕೆ ಬರಬೇಕು ಅಂತಿರುವ ಹುಡುಗ ಹುಡುಗಿಯರು ನನ್ನನ್ನು ಆಗಾಗ ಕೇಳುತ್ತಿರುತ್ತಾರೆ. ನಾನು ಎರಡು ವರ್ಷದ ಕೃಷಿ ಡಿಪ್ಲೊಮಾ ಮುಗಿಸಿ ಭೂಚೇತನ ಯೋಜನೆಯಲ್ಲಿ ರೈತ ಅನುವುಗಾರಳಾಗಿ ಸೇರಿದವಳು. 2009ರಲ್ಲಿ ರಾಜ್ಯ ಸರ್ಕಾರ, ಒಣಭೂಮಿ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಯಾದ ಇಕ್ರಿಸ್ಯಾಟ್ ಜೊತೆ ಸೇರಿ ಶುರು ಮಾಡಿದ ಯೋಜನೆ ಅದು. ಮಣ್ಣು ಪರೀಕ್ಷೆ ಮಾಡಿಸಿ, ಸತು, ಬೋರಾನ್, ಗಂಧಕ ಎಲ್ಲಿ ಕೊರತೆ ಇದೆ ನೋಡಿ ಹಾಕಿಸುವುದು. ಮೊದಲ ವರ್ಷ ತುಮಕೂರು ಸೇರಿ ಆರು ಜಿಲ್ಲೆ, ಆಮೇಲೆ ಇಡೀ ರಾಜ್ಯ. ಅನುವುಗಾರರಿಗೆ ಸಿಗುತ್ತಿದ್ದದ್ದು ಗೌರವಧನ, ಅದೂ ಹಂಗಾಮಿನ ಲೆಕ್ಕ. ಊರೂರು ಸುತ್ತಿ, ಗೋಡೆ ಮೇಲೆ ಬರೆಸಿ, ಚೀಟಿ ಹಂಚುವುದನ್ನು ಅಲ್ಲಿ ಕಲಿತೆ. ಜನರ ಹತ್ತಿರ ಮಾತಾಡುವುದನ್ನು ಕಲಿತೆ. ಜನ ಮಾತಾಡುವಾಗ ಬಾಯಿ ಮುಚ್ಚಿ ಕೂರುವುದನ್ನು ಆಮೇಲೆ ಸಂಸ್ಥೆಯ ಕೆಲಸಕ್ಕೆ ಬಂದು ಕಲಿಯಬೇಕಾಯಿತು.

ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಊರ ನಕ್ಷೆ ಬಿಡಿಸುವುದು, ಹುಣಸೆ ಬೀಜ ಇಟ್ಟು ಬೆಳೆಗಳಿಗೆ ಅಂಕ ಹಾಕುವುದು, ಹಳ್ಳದಿಂದ ದಿಣ್ಣೆಯವರೆಗೆ ನಡೆದು ನೋಡುವುದು, ಇವೆಲ್ಲ ಈಗ ಪ್ರತಿ ತರಬೇತಿಯಲ್ಲೂ ಇರುತ್ತವೆ. ನಮ್ಮ ದೇಶದಲ್ಲಿ ಇವು ಬೆಳೆದದ್ದು 1980ರ ದಶಕದ ಕೊನೆಯಲ್ಲಿ. ಕರ್ನಾಟಕದಲ್ಲಿ ಮೈರಾಡಾ ಸಂಸ್ಥೆ ಮೊದಲ ಸಾಲಿನಲ್ಲಿತ್ತು. ಇಂಗ್ಲೆಂಡಿನ ಗ್ರಾಮಾಭಿವೃದ್ಧಿ ವಿದ್ವಾಂಸ ರಾಬರ್ಟ್ ಚೇಂಬರ್ಸ್ 1989ರಿಂದ 1991ರವರೆಗೆ ಹೈದರಾಬಾದಿನಲ್ಲಿದ್ದು ಇಂಥ ಸಂಸ್ಥೆಗಳ ಜೊತೆ ಹಳ್ಳಿಗಳಲ್ಲಿ ಓಡಾಡಿದವರು. ನಕ್ಷೆ ಬಿಡಿಸುವ ಕೋಲನ್ನು ಊರಿನವರ ಕೈಗೆ ಕೊಟ್ಟುಬಿಡಿ ಅನ್ನುವುದು ಅವರು ಎಲ್ಲೆಡೆ ಹೇಳುತ್ತಿದ್ದ ಮಾತು. ಕೇಳಲು ಸುಲಭ. ಮಾಡಲು ಹೋದರೆ ಬೆರಳು ತುರಿಸುತ್ತದೆ. ಯಾರೋ ಅಕ್ಕ ಕೊಳವೆಯನ್ನು ಓರೆಯಾಗಿ ಹಿಡಿದು ಓದುತ್ತಿದ್ದರೆ ಕಿತ್ತುಕೊಂಡು ನಾನೇ ಓದಿಬಿಡೋಣ ಅನಿಸುತ್ತದೆ. ಪಕ್ಕದಲ್ಲಿರುವವರು ನೋಡಿ ತಿದ್ದುವ ತನಕ ಕಾಯಬೇಕು. ಅಷ್ಟು ತಾಳ್ಮೆ ಇದ್ದರೆ ಈ ಕೆಲಸಕ್ಕೆ ಬನ್ನಿ. ಸಂಬಳ ನೋಡಿ ಬರುವುದಾದರೆ ಗೊಬ್ಬರ ಕಂಪನಿಯ ಮಾರಾಟದ ಕೆಲಸ ವಾಸಿ. ಬೈಕಿನ ಪೆಟ್ರೋಲಾದರೂ ಸರಿಯಾಗಿ ಕೊಡುತ್ತಾರೆ.

ಕೊಳವೆಯ ಅಂಕಿ, ಗೇಣಿನ ಲೆಕ್ಕ ಹಿಡಿದು ನಮ್ಮ ಗುಂಪು ಮಾಡುತ್ತಿರುವುದು ಸಂಶೋಧನೆಯೇ ಅನ್ನುತ್ತೇನೆ. ಆ ಪದ ದೊಡ್ಡದಾಯಿತು ಅಂತ ಯಾರಾದರೂ ನಗಬಹುದು. ನಮ್ಮ ಪಾವಗಡ ಸೀಮೆಯಲ್ಲೇ ಅದಕ್ಕೆ ಉದಾಹರಣೆ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಮುಂಗಾರು ವಿಜ್ಞಾನಿ ಸುಲೋಚನಾ ಗಾಡ್ಗೀಳ್ ಮತ್ತು ಜೊತೆಗಾರರು ಇಲ್ಲಿನ ರೈತರ ಜೊತೆ ಕೂತು, ಮಳೆಯಾಧಾರಿತ ಕಡಲೆಕಾಯಿಯನ್ನು ಯಾವಾಗ ಬಿತ್ತಿದರೆ ಅಪಾಯ ಕಡಿಮೆ ಅಂತ ಹಳೆಯ ಮಳೆ ದಾಖಲೆ ಹಿಡಿದು ಲೆಕ್ಕ ಹಾಕಿದರು. 2002ರಲ್ಲಿ ಅದು ಪ್ರಕಟವಾಯಿತು. ಯಾವ ಪ್ರಶ್ನೆಗೆ ಉತ್ತರ ಬೇಕು ಅನ್ನುವುದನ್ನು ರೈತರ ಜೊತೆ ಕೂತು ಗೊತ್ತು ಮಾಡಿಕೊಂಡದ್ದು ನನಗೆ ಮುಖ್ಯ ಅನಿಸುತ್ತದೆ. ಅವರ ಲೆಕ್ಕದಲ್ಲಿದ್ದ ತಳಿ ಟಿಎಂವಿ-2, 1940ರಲ್ಲಿ ತಮಿಳುನಾಡಿನ ತಿಂಡಿವನದಿಂದ ಬಂದದ್ದು. ಇವತ್ತಿಗೂ ನಮ್ಮ ಹೊಲಗಳಲ್ಲಿದೆ. ಹೊಸ ತಳಿ ಯಾಕೆ ಬಿತ್ತುವುದಿಲ್ಲ ಅಂತ ಕೇಳಲು ಬರುವ ಅಧಿಕಾರಿಗಳಿಗೆ ರೈತರು ಕೊಡುವ ಉತ್ತರವೇ ಒಂದು ಪುಸ್ತಕವಾಗುತ್ತದೆ.

ಸರಿ, ಸಾಮಾನಿಗೆ ವಾಪಸ್ ಬರೋಣ. ಮೊಬೈಲ್ ಇರುವಾಗ ಇದು ಯಾಕೆ ಬೇಕು ಅಂತ ಕೇಳುವವರಿದ್ದಾರೆ. ಕರ್ನಾಟಕದವರಿಗೆ ಈ ವಿಷಯದಲ್ಲಿ ಅದೃಷ್ಟ ಚೆನ್ನಾಗಿದೆ. 1988ರಲ್ಲಿ ಬರ ನಿಗಾ ಘಟಕವಾಗಿ ಶುರುವಾದ ಸಂಸ್ಥೆ ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಪ್ರತಿ ಗ್ರಾಮ ಪಂಚಾಯಿತಿಗೆ ಒಂದು ಸ್ವಯಂಚಾಲಿತ ಮಳೆಮಾಪಕ ಹಾಕಿದ್ದಾರೆ, ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಹೋಗುತ್ತದೆ. ವರುಣ ಮಿತ್ರ ಸಹಾಯವಾಣಿಗೆ ಫೋನ್ ಮಾಡಿದರೆ ಕನ್ನಡದಲ್ಲೇ ಹೇಳುತ್ತಾರೆ. ನಾನೂ ಮಾಡುತ್ತೇನೆ, ನೀವೂ ಮಾಡಿ. ಆದರೆ ಪಂಚಾಯಿತಿ ಮಾಪಕ ಇರುವುದು ಪಂಚಾಯಿತಿ ಊರಲ್ಲಿ. ಮುಂಗಾರಿನ ಮೊದಲ ಗುಡುಗು ಮಳೆ ಆ ಊರಿಗೆ ಬಂದು ಗುಡ್ಡದ ಈಚೆ ಬರದೇ ಹೋಗುವುದು ನಮಗೆ ಹೊಸದಲ್ಲ. ಅಲ್ಲಿ 30 ಬಿದ್ದ ರಾತ್ರಿ ಇಲ್ಲಿ 4 ಬಿದ್ದದ್ದನ್ನು ಪುಸ್ತಕದಲ್ಲಿ ತೋರಿಸಬಲ್ಲೆವು. ಅಲ್ಲಿನ ಅಂಕಿ ನಂಬಿ ಇಲ್ಲಿ ಕೂರಿಗೆ ಹೂಡಿದರೆ ಬೀಜ ಮಣ್ಣುಪಾಲು.

ಹವಾಮಾನ ಇಲಾಖೆ ಮಾದರಿಯ ಫೈಬರ್ ಮಾಪಕವೂ ಸಿಗುತ್ತದೆ. ಗಟ್ಟಿಮುಟ್ಟು, ಆದರೆ ಬೆಲೆ ಕೆಲವು ಸಾವಿರ. ಅಳತೆ ಜಾಡಿ ಬೇರೆ ಇಟ್ಟುಕೊಳ್ಳಬೇಕು, ಅದು ಒಡೆದರೆ ಕಥೆ ಮುಗಿಯಿತು. ಶಾಲೆಗೋ ಸಂಶೋಧನಾ ಕೇಂದ್ರಕ್ಕೋ ಸರಿ. ಇನ್ನು ಸಿಮ್ ಹಾಕಿದ ಯಂತ್ರಗಳು. ಒಂದನ್ನು ಯಾರೋ ನಮ್ಮ ಪಕ್ಕದ ಊರಿಗೆ ದಾನ ಕೊಟ್ಟರು. ಅಂಕಿ ಸೀದಾ ಬೆಂಗಳೂರಿನ ಕಂಪ್ಯೂಟರಿಗೆ ಹೋಗುತ್ತಿತ್ತು. ಯಂತ್ರ ನಿಂತ ಜಾಗದವರು ಎಷ್ಟು ಮಳೆ ಬಂತು ಅಂತ ನಮ್ಮ ಡೇರಿ ಹಲಗೆ ನೋಡಲು ಬರುತ್ತಿದ್ದರು. ರೀಚಾರ್ಜ್ ಮುಗಿದ ಮೇಲೆ ಅದರ ಕಂಬಕ್ಕೆ ಈಗ ಎಮ್ಮೆ ಕಟ್ಟುತ್ತಾರೆ.

ಏನು ಮಾಡುವುದಿಲ್ಲ ಅನ್ನುವುದನ್ನೂ ತಿಳಿದು ತಗೊಳ್ಳಿ. ಇದು ನಾಳೆಯ ಮಳೆ ಹೇಳುವುದಿಲ್ಲ. ಎಷ್ಟು ರಭಸದಲ್ಲಿ ಬಿತ್ತು ಅಂತಲೂ ಹೇಳುವುದಿಲ್ಲ. ಇಡೀ ರಾತ್ರಿಯ ಸೋನೆಗೂ ಅರ್ಧ ಗಂಟೆಯ ಜಡಿಮಳೆಗೂ ಅಂಕಿ ಒಂದೇ. ಹಾಗಾಗಿ ಪಕ್ಕದಲ್ಲಿ ಸೋನೆ, ಬಿರುಸು ಅಂತ ಒಂದು ಪದ ಬರೆದುಕೊಳ್ಳುವುದು ಒಳ್ಳೆಯದು. ಬೆಳೆ ವಿಮೆಗೆ ಈ ಪುಸ್ತಕ ಸಾಕ್ಷಿಯಾಗುತ್ತದೆ ಅನ್ನುವ ಆಸೆ ಇಟ್ಟುಕೊಳ್ಳಬೇಡಿ. ಹವಾಮಾನ ಆಧಾರಿತ ವಿಮೆಗೆ ಅವರು ಗೊತ್ತು ಮಾಡಿದ ಕೇಂದ್ರದ ಅಂಕಿಯೇ ಬೇಕು. ಫಸಲ್ ಬಿಮಾಕ್ಕೆ ಪಂಚಾಯಿತಿಯ ಬೆಳೆ ಕಟಾವು ಪ್ರಯೋಗದ ಇಳುವರಿ ನೋಡುತ್ತಾರೆ. ಆದರೂ ಒಂದು ಉಪಯೋಗ ಕಂಡಿದ್ದೇನೆ. ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಎಷ್ಟು ದಿನ ಮಳೆ ಇರಲಿಲ್ಲ ಅಂತ ತಾರೀಖು ಸಮೇತ ತೋರಿಸಿದಾಗ, ಸಭೆಯಲ್ಲಿ ಅಧಿಕಾರಿಗಳು ನಮ್ಮ ಅಕ್ಕಂದಿರ ಮಾತನ್ನು ನಡುವೆ ತಡೆಯಲಿಲ್ಲ. ಅಂಕಿ ಕೈಯಲ್ಲಿದ್ದರೆ ದನಿಯೂ ಸ್ವಲ್ಪ ಬೇರೆ ಇರುತ್ತದೆ.

ಹಂಚಿಕೆಯ ವಿಷಯ ಮೊದಲಲ್ಲೇ ಎತ್ತಿದ್ದೆ. ಬೇರೆ ತಾಲೂಕಿನಲ್ಲಿ ಒಂದು ಯೋಜನೆಯವರು ಊರಿಗೊಂದರಂತೆ ಇದೇ ಮಾಪಕ ಕೊಟ್ಟಿದ್ದರು. ಒಂದು ದಿನದ ತರಬೇತಿ, ಊಟ, ಗುಂಪು ಫೋಟೊ. ಆಮೇಲೆ ನಾನು ಹೋದಾಗ ಒಂದು ಊರಲ್ಲಿ ಅದು ಅಧ್ಯಕ್ಷರ ಮನೆಯ ಶೋಕೇಸಿನಲ್ಲಿತ್ತು, ಪ್ಲಾಸ್ಟಿಕ್ ಕವರ್ ಕೂಡ ತೆಗೆದಿರಲಿಲ್ಲ. ಸಾಮಾನಿನಲ್ಲಿ ದೋಷವಿಲ್ಲ. ಎಲ್ಲಿಡಬೇಕು, ಯಾರು ಓದಬೇಕು, ಯಾವ ಪುಸ್ತಕ ಅಂತ ಜಗಳವಾಡಲು ಆ ಊರಿನವರಿಗೆ ಯಾರೂ ಹೊತ್ತು ಕೊಡಲಿಲ್ಲ. ಊರಿಂದ ನೂರು ರೂಪಾಯಿಯಾದರೂ ಹಾಕಿಸಿ. ದುಡ್ಡು ಹಾಕಿದವರು ಕೇಳಿಯೇ ಕೇಳುತ್ತಾರೆ.

ಅಂಕ ಕೊಡು ಅಂದರೆ, ಅಳತೆಗೆ ಹತ್ತಕ್ಕೆ ಒಂಬತ್ತು, ಬಾಳಿಕೆಗೆ ಐದು, ಜೊತೆಗೆ ಬಂದ ಕಾಗದಕ್ಕೆ ಸೊನ್ನೆ. ಒಳಗಿನ ಕೊಳವೆ ಬಿಡಿಯಾಗಿ ಸಿಗುತ್ತದಾ ಅಂತ ಕೊಳ್ಳುವ ಮೊದಲೇ ಕೇಳಿ. ಒಡೆಯುವುದು ಅದೇ. ನಮ್ಮ ಗುಂಪು ಈ ವರ್ಷ ಸಂಘದ ದುಡ್ಡಲ್ಲಿ ಎರಡನೇ ಮಾಪಕ ತರಿಸಿದೆ, ಕೆರೆಯಾಚೆಯ ಹೊಲಗಳಿಗೆ. ಎಲ್ಲಿ ನೆಡುವುದು ಅಂತ ಇನ್ನೂ ಜಗಳ ನಡೆಯುತ್ತಿದೆ. ನನ್ನನ್ನು ಕರೆದಿಲ್ಲ.